ತೋಫುವಿಗೆ ಯಾವ ಕುಲ?

ಯೀ, ಅರ್, ಸಾನ್, ಸಿ! ಲೌಡ್‌ಸ್ಪೀಕರಿನಲ್ಲಿ ಯಾರೋ ಹೆಂಗಸು ಎಣಿಸುತ್ತಿದ್ದಳು, ಹಿಂದಿನಿಂದ ಪಿಯಾನೋ. ಕುವೈತಿನಲ್ಲಿ ನನ್ನ ಮೊದಲ ಬೆಳಗು ಅದು, ೧೯೯೦ರ ಜನವರಿ. ಅಲ್ಲಿ ಮಸೀದಿಯ ಬಾಂಗ್ ಕೇಳಿ ಎಚ್ಚರವಾಗುತ್ತದೆ ಎಂದು ಮಂಗಳೂರಿನಲ್ಲಿ ಎಲ್ಲರೂ ಹೇಳಿ ಕಳಿಸಿದ್ದರು. ಬಾಂಗೇನೋ ಆಗಿತ್ತು. ಅದರ ಬೆನ್ನಿಗೆ ಇದೇನು? ಬಾಲ್ಕನಿಗೆ ಓಡಿ ನೋಡಿದರೆ ಖಾಲಿ ಮರಳಿನ ಆಚೆ, ತಗಡಿನ ಶೆಡ್ಡುಗಳ ಮುಂದೆ, ನೀಲಿ ಬಟ್ಟೆಯ ಗಂಡಸರು ಸಾಲುಸಾಲಾಗಿ ನಿಂತು ಒಟ್ಟಿಗೆ ಕೈ ಎತ್ತಿ ಇಳಿಸುತ್ತಿದ್ದರು.

"ಚೀನಾದವರು. ಬಿಲ್ಡಿಂಗ್ ಕೆಲಸಕ್ಕೆ ಬಂದದ್ದು. ದಿನಾ ಉಂಟು ಈ ಡ್ರಿಲ್. ನೀನು ಮಲಗು ಮಾರಾಯ್ತಿ," ಎಂದರು ನಮ್ಮವರು, ರಿಫೈನರಿ ಬಸ್ಸಿಗೆ ಶೂ ಹಾಕಿಕೊಳ್ಳುತ್ತಾ.

ನಾನು ಮಲಗಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಊಟ ಬಡಿಸುವಾಗ ಸಿಸ್ಟರ್ ಒಬ್ಬರು, "ಫಿನಿಶ್ ಯುವರ್ ರೈಸ್, ಗರ್ಲ್ಸ್. ಚೀನಾದಲ್ಲಿ ಮಕ್ಕಳು ಹಸಿದಿದ್ದಾರೆ," ಎನ್ನುತ್ತಿದ್ದರು. ನನ್ನ ತಲೆಯಲ್ಲಿದ್ದ ಚೀನಾ ಅಷ್ಟೇ. ಆಮೇಲೆ ಅರವತ್ತೆರಡರ ಒಂದು ಯುದ್ಧ, ಅಷ್ಟೇ. ಈಗ ಆ ಮಕ್ಕಳೇ ದೊಡ್ಡವರಾಗಿ ನನ್ನ ಅಡುಗೆಮನೆಯ ಕಿಟಕಿಯ ಎದುರು ವ್ಯಾಯಾಮ ಮಾಡುತ್ತಿದ್ದರು.

ಇದನ್ನು ಈಗ ಬರೆಯುವುದಕ್ಕೆ ಕಾರಣ ಉಂಟು. ಊರಿನಿಂದ ಫೋನ್ ಮಾಡುವ ನನ್ನ ತಮ್ಮನ ಮಕ್ಕಳೆಲ್ಲ, "ಚೀನಾ ನೋಡಿ ಅತ್ತೆ, ಒಬ್ಬ ಹೇಳಿದ್ದನ್ನು ಎಲ್ಲರೂ ಕೇಳಿದರು, ಮುಂದೆ ಬಂದರು. ನಮ್ಮಲ್ಲಿ ಬರೀ ವಾದ," ಎನ್ನುತ್ತಾರೆ. ನಾನ್‌ಸೆನ್ಸ್. ಅವರು ವಾದ ಮಾಡಿದ್ದನ್ನು ನಾನು ನನ್ನ ಮನೆಯ ಹಾಲ್‌ನಲ್ಲಿ, ನನ್ನ ಸೋಫಾದ ಮೇಲೆ ಕಂಡಿದ್ದೇನೆ. ಎಂಬತ್ತರ ಹತ್ತಿರದವಳು ನಾನು, ಯಾರಿಗೂ ಹೆದರಿ ಬಾಯಿ ಮುಚ್ಚುವ ಪ್ರಾಯ ಅಲ್ಲ.

ಕುವೈತಿನ ಮಂಗಫ್ ಎಂಬಲ್ಲಿದ್ದ ಆ ಫ್ಲಾಟಿಗೆ ಎರಡು ಕೋಣೆ. ಊರಲ್ಲಿ ಬಾಗಿಲು ಹಾಕುವುದು ರಾತ್ರಿ ಮಾತ್ರ. ಇಲ್ಲಿ ಹಗಲೂ ಹಾಕಿಯೇ ಇರಬೇಕು, ಇಲ್ಲದಿದ್ದರೆ ಮರಳು ಒಳಗೆ ಬಂದು ಕುಳಿತುಕೊಳ್ಳುತ್ತದೆ. ಊರಲ್ಲಿ ನಾನು ಹೈಸ್ಕೂಲಿನ ಇಂಗ್ಲಿಷ್ ಟೀಚರ್. ಇಲ್ಲಿ ನನ್ನ ಇಕಾಮಾದಲ್ಲಿ, ಅಂದರೆ ಈ ದೇಶದಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ಬರೆದದ್ದು ಹೌಸ್‌ವೈಫ್. ಕೆಲಸ ಮಾಡುವಂತಿಲ್ಲ. ಟೀಚರಿನ ಗಂಟಲು ಸುಮ್ಮನಿದ್ದರೆ ತುಕ್ಕು ಹಿಡಿಯುತ್ತದೆ. ಎಸಿಯ ಗುಂಯ್ ಸದ್ದಿಗೆ ನಾನು ಗ್ರಾಮರ್ ಹೇಳಿಕೊಡುವ ಸ್ಥಿತಿಗೆ ಬಂದಿದ್ದೆ.

ಫಾಂಗ್ ಸಿಕ್ಕಿದ್ದು ನಮ್ಮ ಕೆಳಗಿನ ಬಕಾಲಾದಲ್ಲಿ. ಮೂಲೆಯ ದಿನಸಿ ಅಂಗಡಿಗೆ ಇಲ್ಲಿ ಬಕಾಲಾ ಎನ್ನುವುದು. ಮೂವತ್ತರ ಆಸುಪಾಸಿನ ಹೆಣ್ಣು, ಗಿಡ್ಡ ಕೂದಲು, ಅಂಗಡಿಯ ಮಲಯಾಳಿಯ ಹತ್ತಿರ ಸೋಯಾ ಕಾಳಿಗೆ ಜಗಳ ಆಡುತ್ತಿದ್ದಳು. ನಾನು ಮಧ್ಯೆ ಬಾಯಿ ಹಾಕಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿ, "ಮೇಡಂ, ಯೂ ಸ್ಪೀಕ್ ಲೈಕ್ ರೇಡಿಯೋ," ಎಂದಳು. ಎದುರಿನ ಚೀನೀ ಕ್ಯಾಂಪಿನಲ್ಲಿ ದುಭಾಷಿಯ ಕೆಲಸ ಅವಳದು. ಅವಳ ಇಂಗ್ಲಿಷಿನಲ್ಲಿ ಕ್ರಿಯಾಪದಗಳಿಗೆ ಭೂತ ವರ್ತಮಾನ ಒಂದೂ ಇರಲಿಲ್ಲ. ಮುಂದಿನ ಶುಕ್ರವಾರದಿಂದ ನನ್ನ ಪಾಠ ಶುರುವಾಯಿತು. ಫೀಸು ಎಂದು ಅವಳು ತಂದದ್ದು ಒಂದು ಎನಾಮಲ್ ಬೋಗುಣಿಯಲ್ಲಿ, ನೀರಿನೊಳಗೆ ನಡುಗುತ್ತಿದ್ದ ಬಿಳಿ ಗಟ್ಟಿ. ತೋಫು. ಸೋಯಾ ಕಾಳು ನೆನೆಸಿ, ಅರೆದು, ಹಾಲು ಹಿಂಡಿ, ಕುದಿಸಿ, ಜಿಪ್ಸಮ್ ಪುಡಿ ಹಾಕಿ ಒಡೆಸಿದ್ದು. ಕ್ಯಾಂಪಿನ ಹಿತ್ತಿಲಲ್ಲಿ ಅವಳೇ ಮಾಡುತ್ತಿದ್ದಳು. ನಾನದಕ್ಕೆ ಕಾಯಿ ಅರೆದು ಗಸಿ ಮಾಡಿದೆ. ನಮ್ಮವರು ಎರಡು ಸಲ ಹಾಕಿಸಿಕೊಂಡು, "ಇದು ಯಾವ ಪನೀರ್?" ಎಂದರು.

ಬಾಯಿಂದ ಬಾಯಿಗೆ ಸುದ್ದಿ ಹೋಗಿ ಬಿಲ್ಡಿಂಗಿನ ಹೆಂಗಸರೆಲ್ಲ ಕೇಳತೊಡಗಿದರು. ನಾನು ಆರ್ಡರ್ ಹಿಡಿಯುವುದು, ಫಾಂಗ್ ಮಾಡಿ ತರುವುದು. ಹೌಸ್‌ವೈಫ್ ಎಂದು ಬರೆದವರಿಗೆ ಇದು ನನ್ನ ಉತ್ತರವಾಗಿತ್ತು. ಜುಲೈಯಲ್ಲಿ ಚಾತುರ್ಮಾಸ್ಯ ಬಂತು ನೋಡಿ, ಆಗ ತಕರಾರು ಎದ್ದಿತು.

ನಮ್ಮ ಉಡುಪಿ ಕಡೆಯ ಬ್ರಾಹ್ಮಣರ ವ್ರತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಮೇಲಿನ ಮಹಡಿಯ ಭವಾನಿಯಮ್ಮ, ಮಗನ ಮನೆಗೆ ಬಂದು ನೆಲೆಸಿದ್ದ ವಿಧವೆ, ಮರಳುಗಾಡಿನಲ್ಲೂ ಅದನ್ನು ಕೂದಲಷ್ಟು ತಪ್ಪದೆ ನಡೆಸುತ್ತಿದ್ದರು. ಬೋಗುಣಿಯ ಮುಂದೆ ಕುಳಿತು ವಿಚಾರಣೆ ಶುರು ಮಾಡಿದರು.

"ಇದು ಎಂತದ್ರದ್ದು? ಹಾಲಿಂದಾ?"

"ಬೀನ್," ಎಂದಳು ಫಾಂಗ್.

"ಬೀನ್ಸಾ? ಹಾಗಾದ್ರೆ ಅದು ಶಾಕ, ತರಕಾರಿ. ಈ ತಿಂಗಳು ಆಗುದಿಲ್ಲ."

"ಆ ಬೀನ್ಸ್ ಅಲ್ಲ ಭವಾನಿಯಮ್ಮ, ಒಣ ಕಾಳು," ಎಂದೆ.

"ಕಾಳು ಆದ್ರೆ ಈಗ ತಿನ್ನಬಹುದು, ನಾಲ್ಕನೇ ತಿಂಗಳು ಬಿಡುದು. ಆದ್ರೆ ಹಾಲು ಹಿಂಡಿದ್ದಾಳಂತಲ್ಲ? ಒಡೆಸಿದ್ದಾಳಂತಲ್ಲ? ಇದ್ರ ಕುಲ ಯಾವುದು ಅಂತ ಸರಿಯಾಗಿ ಹೇಳ್ಲಿ ಅವಳು!"

ನಾನದನ್ನು ಇಂಗ್ಲಿಷಿಗೆ ತಿರುಗಿಸಿದೆ. ಫಾಂಗ್ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. "ನಮ್ಮ ದೇಶದಲ್ಲಿ ದೊಡ್ಡ ದೊಡ್ಡವರು ಕುಳಿತು ಈಗ ಇದನ್ನೇ ಮಾಡುತ್ತಿದ್ದಾರೆ, ಮೇಡಂ!"

ಚೀನಾದಲ್ಲಿ ಹತ್ತು ಹನ್ನೆರಡು ವರ್ಷದಿಂದ ವ್ಯಾಪಾರಕ್ಕೆ ಬಾಗಿಲು ತೆರೆದಿತ್ತಂತೆ. ರೈತರು ತಾವು ಬೆಳೆದದ್ದನ್ನು ಮಾರಬಹುದು, ಸಮುದ್ರದ ಬದಿಯ ಶೆಂಜೆನ್ ಎಂಬಲ್ಲಿ ಖಾಸಗಿ ಅಂಗಡಿ, ಕಾರ್ಖಾನೆ. ಆದರೆ ಹಿಂದಿನ ವರ್ಷ ಬೀಜಿಂಗಿನಲ್ಲಿ ವಿದ್ಯಾರ್ಥಿಗಳ ಗಲಾಟೆಯನ್ನು ಸೈನ್ಯ ಅಡಗಿಸಿದ ಮೇಲೆ ಗಾಳಿ ತಿರುಗಿತ್ತು. ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ: ಇದರ ಮನೆತನದ ಹೆಸರೇನು? ಸೋಶಲಿಸ್ಟರ ಮನೆಯದೋ, ಕ್ಯಾಪಿಟಲಿಸ್ಟರ ಮನೆಯದೋ? ಫಾಂಗ್‌ಗೆ ಶೆಂಜೆನ್‌ನಲ್ಲಿ ಒಬ್ಬ ಸೋದರಮಾವನ ಮಗ ಇದ್ದ. ಇಲ್ಲಿಂದ ಹೋದ ಮೇಲೆ ಅಲ್ಲಿ ಅವಳದೇ ಒಂದು ಅಂಗಡಿ ಇಡಬೇಕು. ಅದೊಂದೇ ಆಸೆ. ಆದರೆ ಅವಳ ದಾನ್‌ವೇ ಬಿಡಬೇಕು. ದಾನ್‌ವೇ ಅಂದರೆ ಅವರನ್ನು ಕೆಲಸಕ್ಕಿಟ್ಟ ಸರಕಾರಿ ಸಂಸ್ಥೆ; ಮನೆ ಕೊಡುವುದು ಅದೇ, ಮದುವೆಗೆ ಒಪ್ಪಿಗೆ ಕೊಡುವುದೂ ಅದೇ. ನಮಗೆ ಇಲ್ಲಿ ಕಫೀಲ್ ಎಂಬ ಸ್ಥಳೀಯ ಧಣಿ ಇದ್ದಾನಲ್ಲ, ಅವನ ಸಹಿ ಇಲ್ಲದೆ ನಾವು ಕೆಲಸ ಬದಲಿಸುವಂತಿಲ್ಲ, ದೇಶ ಬಿಡುವಂತಿಲ್ಲ. ಅವಳಿಗೆ ಹುಟ್ಟಿದ ಊರಲ್ಲೇ ಕಫೀಲ್!

ಭವಾನಿಯಮ್ಮ ತೀರ್ಪು ಕೊಟ್ಟರು. ತೋಫು ಬೇಳೆಯ ಕುಲ, ತಿನ್ನಬಹುದು. ಫಾಂಗ್ ಜೊತೆಗೆ ತಂದಿದ್ದ ಮೊಳಕೆ ಕಾಳಿಗೆ ಮಾತ್ರ ಚಿಗುರು ಬಂದಿದೆ, ಅದು ಶಾಕ, ಬೇಡ.

ಬೀಜಿಂಗ್ ಅಷ್ಟು ಬೇಗ ತೀರ್ಪು ಕೊಡಲಿಲ್ಲ. ಒಂದು ಶುಕ್ರವಾರ ಫಾಂಗ್‌ನ ಹಿಂದೆಯೇ ಕ್ಯಾಂಪಿನ ಮುಖ್ಯಸ್ಥರೂ ಬಂದು ನಮ್ಮ ಬಾಗಿಲಲ್ಲಿ ನಿಂತರು. ಝೋ ಎಂದು ಹೆಸರು, ಐವತ್ತು ದಾಟಿದವರು, ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿದ್ದರು. ಕರೆದು ಸೋಫಾದ ಮೇಲೆ ಕೂರಿಸಿದೆ. ಇಂಗ್ಲಿಷ್ ಬಾರದು. ಹಾಗಾಗಿ ತನ್ನ ಮೇಲಿನ ದೂರನ್ನು ಫಾಂಗ್ ತಾನೇ ಅನುವಾದಿಸಬೇಕಾಯಿತು.

"ಸರಕಾರದ ಕೆಲಸಕ್ಕೆ ಬಂದು ಖಾಸಗಿ ವ್ಯಾಪಾರ ಮಾಡುತ್ತಾಳೆ ಎನ್ನುತ್ತಾರೆ. ನಾಳೆಯಿಂದ ನಿಲ್ಲಿಸಬೇಕು ಎನ್ನುತ್ತಾರೆ. ಇಲ್ಲದಿದ್ದರೆ ಮೇಲಿನವರಿಗೆ ಬರೆಯುತ್ತಾರೆ." ಅವಳ ಮುಖ ಹಿಟ್ಟಿನ ಹಾಗಾಗಿತ್ತು. ಬರೆದರೆ ಶೆಂಜೆನ್ ಮುಗಿಯಿತು.

"ಕೇಳು ಅವರನ್ನು, ತೋಫು ಮಾರಿದರೆ ಯಾವ ಸರಕಾರ ಬೀಳುತ್ತದೆ?"

ಅವಳು ಕೇಳಿದಳು. "ನಿಮ್ಮ ದೇಶದಲ್ಲಿ ಎಲ್ಲ ಸರಿ ಇದ್ದರೆ ನೀವು ಇಲ್ಲಿಗೇಕೆ ಬಂದಿರಿ, ಎನ್ನುತ್ತಾರೆ."

ಒಳ್ಳೆ ಪೆಟ್ಟು! ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಕಾಲ ನಮ್ಮದು. ಹೆಸರು ಬರೆಸಿದ ಫೋನ್ ಮನೆಗೆ ಬರುವ ಮೊದಲೇ ನನ್ನ ಅಪ್ಪ ಹೋಗಿಬಿಟ್ಟರು. ಅದನ್ನೂ ಹೇಳಿದೆ, ನಾಚಿಕೆ ಪಡಲಿಲ್ಲ. "ನಮ್ಮ ಸರಕಾರದವರೂ ದಡ್ಡರೇ. ನಾನು ಅವರ ಪರ ವಕಾಲತ್ತು ಮಾಡುವುದಿಲ್ಲ. ನೀವೇಕೆ ಮಾಡುತ್ತೀರಿ?"

ಝೋ ಬಹಳ ಹೊತ್ತು ಮಾತಾಡಿದರು. ಫಾಂಗ್ ಮೊದಲ ಸಲ ತಡವರಿಸಿದಳು. "ಅವರು ಹುಡುಗರಾಗಿದ್ದಾಗ ಊರಿನ ಎಲ್ಲರ ಮನೆಯ ಬಾಣಲೆ, ಪಾತ್ರೆ ತೆಗೆದುಕೊಂಡು ಕಬ್ಬಿಣಕ್ಕೆ ಕರಗಿಸಿದರಂತೆ. ಇಡೀ ಊರಿಗೆ ಒಂದೇ ದೊಡ್ಡ ಅಡುಗೆಮನೆ. ಆಮೇಲೆ ಆ ಅಡುಗೆಮನೆಯಲ್ಲೂ ಏನೂ ಇರಲಿಲ್ಲ. ಅವರ ತಂಗಿ ಹಸಿವಿನಿಂದ ಹೋದಳು. ಅದನ್ನು ತಪ್ಪು ಎಂದವರೂ ಹೋದರು. ಗಾಳಿ ತಿರುಗುವಾಗ ಎದ್ದು ನಿಂತವರ ತಲೆ ಮೊದಲು ಹೋಗುತ್ತದೆ. ಈ ಫಾಂಗ್ ನನ್ನ ಮಗಳ ಪ್ರಾಯದವಳು, ಕುಳಿತೇ ಇರಲಿ ಎನ್ನುತ್ತಾರೆ."

ನನಗೆ ಸಿಸ್ಟರ್ ನೆನಪಾದರು. ನಾವು ಮುಗಿಸಬೇಕಿದ್ದ ಅನ್ನದ ಆ ಕಡೆಯ ತುದಿಯಲ್ಲಿ ಈ ಮನುಷ್ಯ ಇದ್ದ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಹೇಳು ಅವರಿಗೆ, ಅವಳು ಮೂವತ್ತು ವರ್ಷದ ಹೆಂಗಸು. ಕುಳಿತುಕೊಳ್ಳುವುದೋ ನಿಲ್ಲುವುದೋ ಅವಳು ನೋಡಿಕೊಳ್ಳುತ್ತಾಳೆ."

ಇದನ್ನು ಫಾಂಗ್ ಅನುವಾದಿಸಿದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಝೋ ಎದ್ದು ಹೋದರು. ತೋಫು ನಿಂತಿತು. ಬರೆದರೋ ಬಿಟ್ಟರೋ ಎಂದು ತಿಳಿಯದೆ ಅವಳು ಒಣಗಿಹೋದಳು.

ಆಗಸ್ಟ್ ಎರಡನೆಯ ತಾರೀಖು ಇರಾಕಿನ ಟ್ಯಾಂಕುಗಳು ಬಂದವು. ಆ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ನಮಗೆ ಗೊತ್ತಾದದ್ದು ಸಣ್ಣ ಸಣ್ಣದರಲ್ಲಿ: ಕಂಪನಿಯ ಬಸ್ಸು ಬರಲಿಲ್ಲ, ಬಕಾಲಾದ ಕಪಾಟು ಖಾಲಿ, ಎದುರಿನ ಲೌಡ್‌ಸ್ಪೀಕರ್ ಮೌನ. ಮೇಲಿನ ಮಹಡಿಯವರೆಲ್ಲ ಗುಂಡಿನ ಸದ್ದಿಗೆ ಹೆದರಿ ನಮ್ಮ ಫ್ಲಾಟಿಗೆ ಇಳಿದರು. ಭವಾನಿಯಮ್ಮನಿಗೆ ಆ ವಾರವೇ ಮೊಸರು ಬಿಡುವ ತಿಂಗಳು ಶುರುವಾಗಿತ್ತು.

ಕೆಲವು ದಿನ ಕಳೆದು ಸಂಜೆ ಬಾಗಿಲು ತಟ್ಟಿದ ಸದ್ದು. ಫಾಂಗ್, ಅವಳ ಹಿಂದೆ ಝೋ, ಹೆಗಲ ಮೇಲೆ ಸೋಯಾ ಕಾಳಿನ ಮೂಟೆ. ಕ್ಯಾಂಪಿಗೆ ಅಕ್ಕಿ ತರುವ ಲಾರಿ ನಿಂತುಹೋಗಿತ್ತು. ನಮ್ಮ ಬಿಲ್ಡಿಂಗಿನವರ ಹತ್ತಿರ ಅಕ್ಕಿ ಇತ್ತು, ಬೇರೇನೂ ಇರಲಿಲ್ಲ. ಝೋ ಮೂಟೆ ಇಳಿಸಿ ನೆಲ ನೋಡುತ್ತಾ ನಿಂತರು.

"ಬದಲಿಗೆ ಅಕ್ಕಿ ಸಿಗಬಹುದೇ ಎನ್ನುತ್ತಾರೆ," ಎಂದಳು ಫಾಂಗ್. ಕಣ್ಣಲ್ಲಿ ಒಂದು ಚೂರು ತುಂಟತನ.

ಅಕ್ಕಿ ಕೊಟ್ಟೆವು. ಕ್ಯಾಂಪಿನಲ್ಲಿ ಗ್ಯಾಸ್ ಮುಗಿದಿತ್ತು, ಹಾಗಾಗಿ ತೋಫುವನ್ನು ನಾನೇ ಮಾಡುವುದು, ಬೆಳಿಗ್ಗೆ ಪಾಲು ಮಾಡುವುದು ಎಂದಾಯಿತು. ನೆನೆಸಿದೆ, ಅರೆದೆ, ಹಿಂಡಿದೆ, ಕುದಿಸಿದೆ. ಉಗುರುಬೆಚ್ಚಗಾಗಲು ಬಿಟ್ಟೆ. ಫಾಂಗ್ ಕೊಟ್ಟ ಜಿಪ್ಸಮ್ ಪುಡಿ ಅಲ್ಲೇ ಇತ್ತು. ಆದರೆ ದಕ್ಷಿಣ ಕನ್ನಡದ ಹೆಂಗಸಿನ ಕೈ ಇದು. ಬೆಚ್ಚಗಿನ ಬಿಳಿ ಹಾಲು ಕಂಡರೆ ಅದಕ್ಕೆ ತಿಳಿಯುವುದು ಒಂದೇ ಕೆಲಸ. ಫ್ರಿಜ್ಜಿನ ತಳದಲ್ಲಿದ್ದ ಒಂದು ಚಮಚ ಮೊಸರು ತೆಗೆದು ಹೆಪ್ಪು ಹಾಕಿ, ಬಟ್ಟೆ ಮುಚ್ಚಿ, ಮಲಗಿದೆ.

ಬೆಳಿಗ್ಗೆ ಅದು ಗಟ್ಟಿಯಾಗಿ, ಹುಳಿಯಾಗಿ ನಿಂತಿತ್ತು. ಪಾಲಿಗೆಂದು ಝೋ ಜೊತೆ ಬಂದ ಫಾಂಗ್ ಬೆರಳು ಅದ್ದಿ ನೆಕ್ಕಿ, ಮುಖ ಕಿವಿಚಿದಳು. "ದಾಜ್ಯೆ, ವಾಟ್ ಈಸ್ ದಿಸ್?" ದಾಜ್ಯೆ ಅಂದರೆ ದೊಡ್ಡಕ್ಕ, ಮೇಡಂ ಎನ್ನುವುದನ್ನು ಯಾವಾಗ ಬಿಟ್ಟಿದ್ದಳೋ.

"ಎಂತ ಹಾಕಿದ್ದು ನೀನು ಹೆಪ್ಪಿಗೆ?" ಭವಾನಿಯಮ್ಮ ಸೋಫಾದಿಂದಲೇ ಕೇಳಿದರು.

"ಮೊಸರು."

"ಅಯ್ಯೋ ಪುಣ್ಯಾತ್ಗಿತ್ತಿ! ಬೇಳೆಯ ಮನೆಯ ಕೂಸನ್ನು ಮೊಸರಿನ ಮನೆಗೆ ದತ್ತು ಕೊಟ್ಯಲ್ಲ! ಅದೂ ಈ ತಿಂಗಳು!"

ಪಾತ್ರೆಯಲ್ಲಿದ್ದದ್ದು ಅದೊಂದೇ. ಝೋ ಏನೆಂದು ಕೇಳಿದರು, ಫಾಂಗ್ ಹೇಳಿದಳು. ಅವರು ತಲೆ ಆಡಿಸಿ, ಅಜ್ಜಿಗೆ ಬೇರೆ ಏನಾದರೂ ಸಿಗಬಹುದೇ, ನಿಯಮ ನಿಯಮವೇ ಅಲ್ಲವೇ, ಎಂದರು. ಅದನ್ನು ಕೇಳಿ ಭವಾನಿಯಮ್ಮ ಸೆಟೆದು ಕುಳಿತರು.

"ಅವ್ನಿಗೆ ಹೇಳು, ನನ್ನ ನಿಯಮ ನನಗೆ ಅವ್ನು ಹೇಳಿಕೊಡುದು ಬೇಡ. ಹೊರಗೆ ಗುಂಡು ಹಾರ್ತಾ ಉಂಟು. ಆಪತ್ತಿಗೆ ಬೇರೆ ಶಾಸ್ತ್ರ ಉಂಟು. ಬಡಿಸು ಇಲ್ಲಿ."

ಬಡಿಸಿದೆ. ಅನ್ನಕ್ಕೆ ಕಲಸಿ, ಉಪ್ಪು ಹಾಕಿ, ಅವರು ಎಲ್ಲರೆದುರು ಒಂದು ತುತ್ತೂ ಬಿಡದೆ ಉಂಡರು.

ಝೋ ನೋಡುತ್ತಲೇ ಇದ್ದರು. ಕೊನೆಗೆ ಮೆಲ್ಲಗೆ ಕೇಳಿದ್ದನ್ನು ಫಾಂಗ್ ನನಗೆ ಹೇಳಿ, ನಾನು ಭವಾನಿಯಮ್ಮನಿಗೆ ಹೇಳಿದೆ: "ಆಪತ್ತು ಮುಗಿದ ಮೇಲೆ ನಿಯಮ ತಿರುಗಿ ಬರುತ್ತದೆಯೇ?"

"ಬರ್ತದೆ, ಯಾಕೆ ಬರುದಿಲ್ಲ? ಆದ್ರೆ ಉಂಡದ್ದು ಉಂಡದ್ದೇ. ಹೊಟ್ಟೆಗೆ ಹೋದ್ದನ್ನು ಯಾವ ನಿಯಮ ಹೊರಗೆ ತೆಗೀತದೆ?"

ಎರಡು ಭಾಷೆ ದಾಟಿ ಉತ್ತರ ಝೋ ಅವರನ್ನು ತಲುಪಲು ಒಂದು ನಿಮಿಷ ಹಿಡಿಯಿತು. ಆಮೇಲೆ ಆ ಮನುಷ್ಯ ನಕ್ಕರು ನೋಡಿ, ಕತ್ತಿನ ಗುಂಡಿ ಬಿಚ್ಚಿ, ಹೆಗಲು ಕುಣಿಯುವಂತೆ. ತಾವೂ ಒಂದು ತಟ್ಟೆ ಹಿಡಿದು ಕುಳಿತರು. ಹುಳಿಗೆ ಮುಖ ಸಿಂಡರಿಸಿದರೂ ಬಿಡಲಿಲ್ಲ. ಬರೆದೆ ಎಂದೂ ಹೇಳಲಿಲ್ಲ, ಬರೆಯುವುದಿಲ್ಲ ಎಂದೂ ಹೇಳಲಿಲ್ಲ. ಫಾಂಗ್ ಅವರ ಬಾಯಿಯನ್ನೇ ನೋಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ ನಾವು ಬಾಗ್ದಾದ್, ಅಮ್ಮಾನ್ ಮೇಲೆ ಬೊಂಬಾಯಿಗೆ, ಅಲ್ಲಿಂದ ಮಂಗಳೂರಿಗೆ ತಲುಪಿದೆವು. ಊರಿನವರು ಅಯ್ಯೋ ಪಾಪ ಎಂದರು. ನನಗೆ ಆ ಪಾಪ ಬೇಡವಾಗಿತ್ತು. ಮರುವರ್ಷ ಹಿಂದಿರುಗುತ್ತೇನೆ ಎಂದಾಗ ಹುಚ್ಚಿ ಎಂದರು. ಬಂದೆ. ಎಣ್ಣೆ ಬಾವಿಗಳ ಹೊಗೆಗೆ ಹಗಲು ಕಪ್ಪಾಗಿತ್ತು, ಒಣಗಲು ಹಾಕಿದ ಸೀರೆಯ ಮೇಲೆ ಮಸಿ. ಬೆಂಕಿ ಆರಿಸಲು ಬಂದವರಲ್ಲಿ ಚೀನೀಯರೂ ಇದ್ದರು. ಕಂಡವರನ್ನೆಲ್ಲ ನಿಲ್ಲಿಸಿ ಫಾಂಗ್ ಎಂದು ಕೇಳಿದೆ. ನಕ್ಕು ತಲೆಯಾಡಿಸಿದರು. ಆ ಹೆಸರಿನವರು ಅಲ್ಲಿ ಎಷ್ಟು ಲಕ್ಷವೋ. ಶೆಂಜೆನ್ ಏನಾಯಿತೆಂದು ಈಗ ಜಗತ್ತಿಗೇ ಗೊತ್ತು. ಅವಳು ಏನಾದಳೆಂದು ಮಾತ್ರ ನನಗೆ ಗೊತ್ತಿಲ್ಲ. ಇಲ್ಲಿದ್ದಾಗ ನನಗೆ ಸಂಜೆಯ ಹೊತ್ತು ಮಂಗಳೂರಿನ ಬಾವಿಕಟ್ಟೆ ಬೇಕು ಅನಿಸುತ್ತದೆ. ಅಲ್ಲಿಗೆ ಹೋದರೆ ವಾರ ಕಳೆಯುವುದರೊಳಗೆ ಮರಳಿನ ಒಣ ವಾಸನೆ ಮೂಗು ಹುಡುಕುತ್ತದೆ. ನನಗೂ ಕುಲ ಕೇಳುವವರಿದ್ದಾರೆ, ನೀವು ಅಲ್ಲಿಯವರೋ ಇಲ್ಲಿಯವರೋ ಎಂದು. ನಾನು ಉತ್ತರ ಕೊಡುವುದಿಲ್ಲ.

ಅವಳನ್ನು ಕೊನೆಗೆ ಕಂಡದ್ದು ಆ ಆಗಸ್ಟಿನ ಕೊನೆಗೆ, ಕ್ಯಾಂಪಿನ ಗೇಟಿನಲ್ಲಿ. ಚೀನಾದವರನ್ನೆಲ್ಲ ಊರಿಗೆ ಕಳಿಸುವ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಬ್ಬ ಇರಾಕಿ ಅಧಿಕಾರಿ ಪ್ರತಿಯೊಬ್ಬರ ಹೆಸರು, ಕೆಲಸ ಕೇಳಿ ಹತ್ತಿಸುತ್ತಿದ್ದ. ಝೋ ಬಾಗಿಲ ಹತ್ತಿರ ನಿಂತು ತಮಗೆ ಗೊತ್ತಿದ್ದ ನಾಲ್ಕು ಅರಬ್ಬಿ ಪದಗಳಲ್ಲಿ ಎಲ್ಲರ ಪರವಾಗಿ ಹೇಳುತ್ತಿದ್ದರು: ಬಡಗಿ, ಗಾರೆ, ಗಾರೆ, ಡ್ರೈವರ್. ಫಾಂಗ್‌ನ ಸರದಿ ಬಂದಾಗ, "ತರ್ಜುಮಾನ್," ಎಂದರು. ದುಭಾಷಿ.

"ನೋ," ಎಂದಳು ಅವಳು, ನಾನು ಕಲಿಸಿದ ಹಾಗೆ, ಗಟ್ಟಿಯಾಗಿ, ತುಟಿ ಬಿಚ್ಚಿ. "ಬಿಸಿನೆಸ್. ಐ ಹ್ಯಾವ್ ಮೈ ಓನ್ ಬಿಸಿನೆಸ್."

ಅಧಿಕಾರಿ ಝೋ ಅವರ ಮುಖ ನೋಡಿದ. ಅವರು ಅವಳನ್ನು ನೋಡಿದರು, ಆಮೇಲೆ ಮರಳನ್ನು. ತಿದ್ದಲಿಲ್ಲ. ಪಕ್ಕಕ್ಕೆ ಸರಿದು ದಾರಿ ಕೊಟ್ಟರು.

ಬಸ್ಸು ಇರಾಕಿನ ಗಡಿಯತ್ತ ಹೋಗುವ ಜಹ್ರಾ ದಾರಿ ಹಿಡಿಯಿತು. ಅವಳು ಕೈ ಬೀಸುತ್ತಾಳೆ ಎಂದು ನಾನು ಬಿಸಿಲಲ್ಲಿ ಸೆರಗು ಹೊದ್ದು ನಿಂತಿದ್ದೆ. ಬೀಸಲಿಲ್ಲ. ಕಿಟಕಿಗೆ ಬೆನ್ನು ಹಾಕಿ, ಪಕ್ಕದ ಸೀಟಿನ ಝೋ ಅವರ ಕಡೆ ತಿರುಗಿ, ಬೆರಳು ಎತ್ತಿ ಏನೋ ವಾದ ಮಾಡುತ್ತಿದ್ದಳು. ಅವರೂ ಸುಮ್ಮನಿರಲಿಲ್ಲ.