ಒಲೆಗಾರಿಯೊನ ಷರತ್ತುಗಳು

ರೈಲು ನಿಲ್ದಾಣದ ಕೆಲಸದಿಂದ ನಿವೃತ್ತನಾದ ಒಲೆಗಾರಿಯೊ ಬಿದೆಗೈನ್ ಮನೆಯಲ್ಲಿ ಇನ್ನೂರ ಹನ್ನೆರಡು ಪುಸ್ತಕಗಳಿದ್ದವು. ಉರುಗ್ವೆಯ ಆ ಪುಟ್ಟ ಊರಿನ ಗ್ರಂಥಾಲಯದಲ್ಲೂ ಅಷ್ಟಿದ್ದವೋ ಇಲ್ಲವೋ. ಪ್ರತಿ ಪುಸ್ತಕಕ್ಕೂ ಹೊದಿಕೆ. ಹೊದಿಕೆ ಕೊಳೆಯಾಗದಿರಲೆಂದು ಅದಕ್ಕೊಂದು ಹೊದಿಕೆ. ಮದುವೆ ಯಾಕಾಗಲಿಲ್ಲವೆಂದು ಕೇಳಿದರೆ, ಬಂದವಳು ಪುಟದ ಮೂಲೆ ಮಡಚುವವಳಾಗಿದ್ದರೆ ಏನು ಗತಿ ಎನ್ನುತ್ತಿದ್ದ.

ಗ್ರಂಥಪಾಲಕಿ ನಿಲ್ದಾ ಹೊಸದೊಂದು ಏರ್ಪಾಡು ಮಾಡಿದ್ದಳು. ಊರವರು ತಮ್ಮ ಪುಸ್ತಕಗಳನ್ನು ಮನೆಯಲ್ಲೇ ಇಟ್ಟುಕೊಂಡು, ಅವುಗಳ ಹೆಸರಿನ ಚೀಟಿಯನ್ನು ಮಾತ್ರ ಗ್ರಂಥಾಲಯದ ಡ್ರಾಯರಿಗೆ ಹಾಕುವುದು. ಯಾರಾದರೂ ಚೀಟಿ ಆರಿಸಿದರೆ ಅವಳು ಮಾಲೀಕನಿಗೆ ಹೇಳಿಕಳಿಸುತ್ತಾಳೆ. ಚೀಟಿಯಲ್ಲಿ ಷರತ್ತಿಗೆಂದು ಒಂದು ಸಾಲು ಬಿಟ್ಟಿದ್ದಳು. ಒಲೆಗಾರಿಯೊನ ಷರತ್ತುಗಳು ನಾಲ್ಕು ಚೀಟಿ ತುಂಬಿದವು. ಸೀನು ಬಂದರೆ ಪುಸ್ತಕಕ್ಕೆ ಬೆನ್ನು ಮಾಡಬೇಕು. ಬೆಕ್ಕು ಬೇರೆ ಕೋಣೆಯಲ್ಲಿರಬೇಕು. ಕಲೆ ಮಾಡಿದವರಿಗೆ ಒಂದು ವರ್ಷ ಪುಸ್ತಕವಿಲ್ಲ, ಯಾರೇ ಆಗಲಿ. ಕೊನೆಯದು, ಓದುವಾಗ ಮಾಲೀಕ ಪಕ್ಕದಲ್ಲೇ ಕೂತಿರುತ್ತಾನೆ.

ಏಳು ತಿಂಗಳು ಯಾರೂ ಅವನ ಕಡೆ ತಲೆ ಹಾಕಲಿಲ್ಲ. ಪಶುವೈದ್ಯನ ಹರಕು ಅಡುಗೆ ಪುಸ್ತಕ ಮನೆಮನೆ ಸುತ್ತುವುದನ್ನು ಕಂಡು ಅವನ ಹೊಟ್ಟೆ ಉರಿಯುತ್ತಿತ್ತು.

"ದೋನ್ ಒಲೆಗಾರಿಯೊ, ಡ್ರಾಯರು ತುಂಬಿಹೋಗಿದೆ," ಎಂದಳು ನಿಲ್ದಾ. "ಶನಿವಾರದೊಳಗೆ ನಿಮ್ದು ಒಂದಾದ್ರೂ ಪುಸ್ತಕ ಹೊರಗೆ ಹೋಗ್ಲಿಲ್ಲಾಂದ್ರೆ ನಿಮ್ಮ ಚೀಟಿ ಎಲ್ಲ ತೆಗೆದುಬಿಡ್ತೀನಿ."

"ಷರತ್ತು ತುಂಬಾ ಸಣ್ಣವು ಕಣಮ್ಮ."

"ಷರತ್ತಲ್ಲ, ಅಕ್ಷರ ಸಣ್ಣವು."

ಅಂದು ಅವನಿಗೆ ಊಟ ಸೇರಲಿಲ್ಲ. ಇಷ್ಟು ಜೋಪಾನ ಮಾಡಿದ್ದು ಯಾರಿಗೂ ಬೇಡವೆಂದರೆ ತಾನೂ ಬೇಡವೆಂದೇ ತಾನೆ ಎಂದು ನಿಜಕ್ಕೂ ನೊಂದ.

ಶುಕ್ರವಾರ ಮಳೆ ಹಿಡಿಯಿತು. ಮಳೆ ಬಂದರೆ ಊರಿಗೆಲ್ಲ ತೋರ್ತಾ ಫ್ರೀತಾ ಬೇಕು. ಹಿಟ್ಟಿನ ಆ ಬಿಲ್ಲೆಗಳನ್ನು ಕೊಬ್ಬಿನಲ್ಲಿ ಕರಿದು ಮಾರುವ ಇರ್ಮಾ, ಎಲ್ಲ ಬಿಟ್ಟು ಅಂದೇ ಅವನ ಕಡಲಯಾನದ ಪುಸ್ತಕ ಕೇಳಿದಳು. ಅವಳ ಜಿಡ್ಡು ಕೈ ನೆನಪಾಗಿ ಅವನು ಆಗದೆನ್ನಲು ಹೊರಟ. ಆದರೆ ನಾಳೆಯೇ ಶನಿವಾರ. ಪುಸ್ತಕವನ್ನು ಮೂರು ಚೀಲಗಳಲ್ಲಿ ಸುತ್ತಿಕೊಂಡು ಅವಳ ಅಡುಗೆಮನೆಗೆ ಹೋದ.

"ಕೈ ತೋರ್ಸಿ."

"ಬೇಕಾದ್ರೆ ಮೂಸಿ ನೋಡಿ! ಬಾಣಲೆ ಬಿಟ್ಟು ಓದೋಕಾಗುತ್ತಾ ಯಜಮಾನ್ರೆ? ನೀವೇ ಹಿಡ್ಕೊಳ್ಳಿ, ನೀವೇ ಓದಿ. ನನ್ನ ಕಿವಿಗೇನೂ ಜಿಡ್ಡಾಗಿಲ್ಲ."

ಓದತೊಡಗಿದ. ಹಡಗು ಬಿರುಗಾಳಿಗೆ ಸಿಕ್ಕಿತು. ಕಿಟಕಿಯಾಚೆ ಸಾಲು ನಿಂತವರು ತಿಂಡಿ ಕೈಗೆ ಬಂದರೂ ಮನೆಗೆ ಹೋಗದೆ ಕೊಡೆ ಹಿಡಿದು ನಿಂತರು. ಹಡಗಿನ ಪಟಸ್ತಂಭ ಮುರಿಯುವ ಹೊತ್ತಿಗೆ ಯಾರೋ ಅವನ ಕೈಗೆ ಬಿಸಿ ಬಿಲ್ಲೆಯೊಂದನ್ನು ಇಟ್ಟರು. ಮೈಮರೆತು ತಿಂದ, ಅದೇ ಹೆಬ್ಬೆರಳಿನಿಂದ ಪುಟ ತಿರುವಿದ. ನೂರ ನಾಲ್ಕನೆಯ ಪುಟದ ಮೇಲೆ ಅವನ ಹೆಬ್ಬೆಟ್ಟು ಫಳಫಳ ಹೊಳೆಯಿತು. ಅವನ ಓದು ಅಲ್ಲಿಗೇ ನಿಂತಿತು.

"ಆಮೇಲೆ ಅಳಿ, ಮೊದ್ಲು ಓದಿ!" ಇರ್ಮಾ ಸೌಟು ಎತ್ತಿ ಗದರಿದಳು. "ಕಪ್ತಾನ ಇನ್ನೂ ನೀರಲ್ಲಿದ್ದಾನೆ!"

ಶನಿವಾರ ಅವನು ನಿಲ್ದಾಳ ಮುಂದೆ ಆ ಪುಟ ಬಿಚ್ಚಿ, ತನ್ನ ಪುಸ್ತಕದ ಕಪಾಟಿನ ಬೀಗದಕೈ ಮೇಜಿನ ಮೇಲಿಟ್ಟ.

"ಕಲೆ ಮಾಡಿದವರಿಗೆ ಒಂದು ವರ್ಷ ಪುಸ್ತಕ ಇಲ್ಲ. ನನ್ನ ಷರತ್ತು ನನಗೂ ಒಂದೇ. ಚೀಟಿ ತೆಗೆದುಬಿಡಮ್ಮ."

"ತೆಗೆಯೋದು ಹೇಗೆ? ಬೆಳಿಗ್ಗೆಯಿಂದ ಹನ್ನೊಂದು ಜನ ಬಂದು ಕೇಳಿದ್ರು. ಪುಸ್ತಕ ಯಾವುದಾದ್ರೂ ಸರಿಯಂತೆ. ಬೇರೆ ಷರತ್ತೆಲ್ಲ ಹರಿದು ಹಾಕು, ಮಾಲೀಕ ಪಕ್ಕದಲ್ಲೇ ಕೂರೋ ಕೊನೇದೊಂದು ಮಾತ್ರ ತೆಗೀಬೇಡ ಅಂದ್ರು."

ಒಲೆಗಾರಿಯೊ ಪುಸ್ತಕಕ್ಕೆ ಬೆನ್ನು ಮಾಡಿ ನಿಂತು ಮೂಗು ಒರೆಸಿಕೊಂಡ.