ಪರದೆಯ ಹಿಂದಿನ ಎಡಗೈ

ಸಿನಿಮಾ ನೋಡಿ ನನಗೆ ಖುಷಿಯಾದದ್ದು ಕಡಿಮೆ. ಹೇಸಿಗೆಯಾದದ್ದೇ ಹೆಚ್ಚು. ಆದರೂ ಹೋಗುತ್ತೇನೆ. ಬಂಡಿ ಹೊಡೆದು ಬೇಸತ್ತವನಿಗೆ ಸಂಜೆ ಇನ್ನೇನು ಇದೆ?

ಅಪ್ಪನದು ಕೊಪ್ಪಳದಲ್ಲಿ ಕಾಳಿನ ಅಂಗಡಿ. ಗಂಗಾವತಿಯಿಂದ ಅಕ್ಕಿ, ಯಲಬುರ್ಗಾ ಕಡೆಯಿಂದ ಜೋಳ ತರುವ ಬಂಡಿ ನನ್ನ ಪಾಲಿನದು. ಸಾಲಿ ನನಗೆ ಹತ್ತಲಿಲ್ಲ. ಮಾಸ್ತರರು ಉರ್ದುವಿನಲ್ಲಿ ಬೈಯುತ್ತಿದ್ದರು, ನಾನು ಕನ್ನಡದಲ್ಲಿ ಬೈದೆ, ಅಲ್ಲಿಗೆ ಮುಗಿಯಿತು. ಬಂಡಿಯ ಜೊತೆ ಯಾವ ಊರಿಗೆ ಹೋದರೂ ಟಾಕೀಸಿನ ಡೇರೆ ಬಂದಿದೆಯೇ ಎಂದು ಮೊದಲು ಕೇಳುತ್ತೇನೆ.

ಕುಷ್ಟಗಿಯಲ್ಲಿ ಒಂದು ದೇವರ ಸಿನಿಮಾ ನೋಡಿದೆ. ದೇವರ ಕಿರೀಟ ತಂಬಿಗೆ ಬೋರಲು ಹಾಕಿದಂತೆ ಇತ್ತು. ಋಷಿ ಬಗ್ಗಿದಾಗ ಜಡೆ ಸರಿದು ಒಳಗಿನ ಕ್ರಾಪು ಕಂಡಿತು. ಋಷಿಗೆ ಕ್ರಾಪು! ನಾನು ನಕ್ಕರೆ ಮುಂದಿನ ಮುದುಕ ತಿರುಗಿ, "ಕಣ್ಣ ಹೋಗತಾವ ನಿನ್ನವು" ಎಂದ. ದೇವರು ಬಂದಾಗಲೆಲ್ಲ ಒಬ್ಬನಲ್ಲ ಒಬ್ಬ ತೆಂಗಿನಕಾಯಿ ಒಡೆಯುತ್ತಿದ್ದ. ಅದರ ನೀರೆಲ್ಲ ನನ್ನ ಧೋತರದ ಮೇಲೆ. ಗಂಗಾವತಿಯಲ್ಲಿ ನೋಡಿದ ಹಿಂದಿ ಸಿನಿಮಾ ಅದಕ್ಕಿಂತ ಕೀಳು. ತಾಯಿ ಸಾಯಲು ಬಿದ್ದಿದ್ದಾಳೆ, ಮಗ ಹಕೀಮನನ್ನು ಕರೆಯಲು ಓಡುವುದು ಬಿಟ್ಟು ಕಂಬ ಹಿಡಿದು ಹಾಡುತ್ತಾನೆ. ಹಾಡು ಮುಗಿಯುವ ತನಕ ಅವಳೂ ಕಾದುಕೊಂಡು ಇದ್ದಳು. ಇಂಥವನನ್ನು ಹೆತ್ತದ್ದಕ್ಕೆ ಸತ್ತದ್ದೇ ಒಳ್ಳೆಯದಾಯಿತು.

ಮೂರನೆಯದು ತೆಲುಗಿನದು. ಅದನ್ನೂ ಗಂಗಾವತಿಯಲ್ಲೇ ಒಬ್ಬನೇ ನೋಡಿದೆ. ಗಂಡ ಹೆಂಡತಿಗೆ ಮದುವೆಯ ಭೂಮದ ಊಟದಲ್ಲಿ ತುತ್ತು ತಿನ್ನಿಸುತ್ತಾನೆ. ಒಂದೇ ಗಂಗಾಳದಲ್ಲಿ ಮದುಮಕ್ಕಳು ಉಣ್ಣುವ ಶಾಸ್ತ್ರ, ನಮ್ಮಲ್ಲಿ ಇರುವಂಥದ್ದೇ. ಆಮೇಲೆ ಪಟ್ಟಣಕ್ಕೆ ಹೋಗಿ ಒಬ್ಬ ಕುಣಿಯುವವಳ ಹಿಂದೆ ಬೀಳುತ್ತಾನೆ. ಹೆಂಡತಿ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಾಳೆ. ಅಳುತ್ತಲೇ ಇರುತ್ತಾಳೆ. ಕೊಡ ತುಂಬಿಕೊಂಡು ಮನೆಗಾದರೂ ಹೋಗಬಾರದೇ? ಕಡೆಗೆ ಅವನು ಗಡ್ಡ ಬಿಟ್ಟುಕೊಂಡು ವಾಪಸು ಬರುತ್ತಾನೆ, ಇವಳು ಅವನ ಕಾಲಿಗೆ ಬೀಳುತ್ತಾಳೆ. ತಪ್ಪು ಮಾಡಿದವನು ಅವನು, ಕಾಲಿಗೆ ಬೀಳುವವಳು ಇವಳು. ಥೂ.

ಆ ಡೇರೆ ಗಂಗಾವತಿಯಿಂದ ಕಿತ್ತು ಕೊಪ್ಪಳಕ್ಕೆ ಬಂತು. ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಹೆಂಗಸರು ಟಾಕೀಸಿಗೆ ಹೋಗುವ ಮೊದಲು ಮನೆಯ ಗಂಡಸೊಬ್ಬ ನೋಡಿ ಬಂದು, ಹೋಗಬಹುದೋ ಬಾರದೋ ಹೇಳಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು.

"ಹೆಂಗ ಐತೋ?" ಎಂದು ಅವ್ವ ಕೇಳಿದಳು.

"ಹೊಲಸು ಐತಿ."

"ನೋಡಬಾರದಂಥಾದ್ದು ಏನರ ಐತೇನು?"

"ಅಂಥಾದ್ದೇನಿಲ್ಲ. ಬರೇ ಅಳೋದು."

"ಅಳೋದಾದ್ರ ಛಲೋ ಇರತೈತಿ" ಎಂದು ಅವ್ವ ಎದ್ದೇಬಿಟ್ಟಳು.

ಅವ್ವನ ಅವಸರಕ್ಕೆ ಕಾರಣ ಇತ್ತು. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ತಳಕಲ್ಲಿನಿಂದ ಬಂದಿದ್ದಳು. ಅವಳ ಮಗನಿಗೆ ನನ್ನ ತಂಗಿಯನ್ನು ತಂದುಕೊಳ್ಳುವ ಮಾತು. ಮರುದಿನ ಹಿರಿಯರ ಮುಂದೆ ಎಲೆ ಅಡಿಕೆ ಹಿಡಿಯುವುದೆಂದು ಆಗಿತ್ತು. ತಂಗಿಗೆ ಅವನೇ ಬೇಕಾಗಿತ್ತು. ಬಾಯಿ ಬಿಟ್ಟು ಹೇಳಿದವಳಲ್ಲ. ಆದರೆ ತಳಕಲ್ಲಿನಿಂದ ಅವನ ಬಂಡಿ ಬಂದ ದಿನ ನಮ್ಮ ಮನೆಯಲ್ಲಿ ರೊಟ್ಟಿ ತೆಳ್ಳಗಾಗುತ್ತಿದ್ದವು, ಉಳಿದ ದಿನ ಚಪ್ಪಲಿಯಂತೆ ಇರುತ್ತಿದ್ದವು. ಇದು ತಪ್ಪಿದರೆ ಅಪ್ಪನ ಕೈಯಲ್ಲಿ ಇನ್ನೊಂದು ಸಂಬಂಧ ಇತ್ತು. ಕುಷ್ಟಗಿಯ ಒಬ್ಬ ವ್ಯಾಪಾರಿ, ಹೆಂಡತಿ ತೀರಿಕೊಂಡವನು. ಅವನ ಮಗಳೇ ನನ್ನ ತಂಗಿಯಷ್ಟು ದೊಡ್ಡವಳು. ಅವನು ನಮ್ಮ ಅಂಗಡಿಗೆ ಬಂದಾಗ ಒಂದು ಕಿವಿಯೊಳಗೆ ಬೆರಳು ಹಾಕಿ ತಿರುವುತ್ತ ಮಾತಾಡುತ್ತಿದ್ದ. ಅಪ್ಪನಿಗೆ ಕಿವಿ ಕಾಣುತ್ತಿರಲಿಲ್ಲ, ಅವನ ಹೊಲ ಕಾಣುತ್ತಿತ್ತು.

ಅತ್ತೆ ಹುಟ್ಟಿದ ಮೇಲೆ ಸಿನಿಮಾ ನೋಡಿದವಳಲ್ಲ. ಅವಳಿಗೆ ಮರ್ಯಾದೆ ಮಾಡಬೇಕೆಂದು ಅಪ್ಪನೇ ಎಲ್ಲರನ್ನೂ ಹೊರಡಿಸಿದ. ಹೊತ್ತು ಮುಳುಗುವ ಮೊದಲೇ ಹೋಗಿ ಕೂತೆವು.

ನಮ್ಮ ಕಡೆಯ ಡೇರೆಯಲ್ಲಿ ಕೂಡುವ ರೀತಿ ಹೇಳಬೇಕು. ನಡುವೆ ಪರದೆ. ಪರದೆಯ ಮುಂದೆ ಗಂಡಸರು, ಹಿಂದೆ ಹೆಂಗಸರು. ಆಟಕ್ಕೆ ಮೊದಲು ಒಬ್ಬ ಬಂದು ಪರದೆಗೆ ನೀರು ಹೊಡೆದು ಹೋಗುತ್ತಾನೆ. ಬಟ್ಟೆ ತೊಯ್ದರೆ ಚಿತ್ರ ಹಿಂದಕ್ಕೂ ಕಾಣುತ್ತದೆ. ಭಾಷೆ ಬಾರದವರಿಗೆ ಕತೆ ಬಿಡಿಸಿ ಹೇಳುವವನೊಬ್ಬ ಕೋಲು ಹಿಡಿದು ನಿಲ್ಲುತ್ತಾನೆ, ಅವನೂ ಗಂಡಸರ ಕಡೆಗೇ. ಹೆಂಗಸರ ಪಾಲಿಗೆ ಬರುವುದು ಕಿವಿಯ ಹತ್ತಿರ ಒದರುವ ಸ್ಪೀಕರ್ ಪೆಟ್ಟಿಗೆ. ಅಪ್ಪನಿಗೆ ಈ ಏರ್ಪಾಡಿನ ಮೇಲೆ ಬಹಳ ಅಭಿಮಾನ. "ಮರ್ಯಾದಿ ಇದ್ದವರ ಮನಿ ಹೆಂಗಸರು ಹಿಂದ ಕುಂದ್ರತಾರ" ಎನ್ನುತ್ತಿದ್ದ.

ಅದೇ ಹೊಲಸನ್ನು ನಾನು ಎರಡನೆಯ ಸಲ ನೋಡಿದೆ. ಮನೆಗೆ ಬರುವಾಗ ಹೆಂಗಸರು ಯಾರೂ ಮಾತಾಡಲಿಲ್ಲ. ಅತ್ತು ಸಾಕಾಗಿದೆ ಎಂದುಕೊಂಡೆ.

ಬೆಳಿಗ್ಗೆ ಅಪ್ಪ ಎಲೆ ಅಡಿಕೆ ತಂದು ಇಟ್ಟ. ಅತ್ತೆ ತನ್ನ ಗಂಟು ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು.

"ತಮ್ಮಾ, ಹಿರೇರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸು" ಎಂದಳು.

ಅಪ್ಪ ನಿಂತಲ್ಲೇ ನಿಂತ. "ಯಾಕ ಯಕ್ಕಾ? ನಮ್ಮಿಂದ ಏನ ತಪ್ಪಾತು?"

"ನಿಮ್ಮದೇನೂ ತಪ್ಪಿಲ್ಲಪಾ. ನನ್ನ ಮಗ ಎಡಚ ಅದಾನ. ನಿನಗೂ ಗೊತ್ತೈತಿ."

ಗೊತ್ತಿತ್ತು. ಅತ್ತೆಯ ಮಗ ಕೊಡಲಿ ಹಿಡಿದರೂ ಎಡಗೈ, ಬಾರುಕೋಲು ಹಿಡಿದರೂ ಎಡಗೈ. ಸಣ್ಣವನಿದ್ದಾಗ ಉಣ್ಣಲೂ ಎಡಗೈ ಚಾಚುತ್ತಿದ್ದನೆಂದು ಅತ್ತೆ ಆ ಕೈಯನ್ನು ಬೆನ್ನಿಗೆ ಕಟ್ಟಿ ಉಣಿಸಿದ್ದಳಂತೆ. ಈಗ ಬಲಗೈಯಲ್ಲೇ ಉಣ್ಣುತ್ತಾನೆ. ಮೈಮೇಲೆ ಎಚ್ಚರ ಇಲ್ಲದಾಗ ಮಾತ್ರ ಎಡಗೈ ಮುಂದೆ ಬರುತ್ತದೆ.

"ಎಡಚ ಇದ್ರ ಏನಾತು?" ಎಂದೆ ನಾನು.

"ಏನಾತು ಅಂತ ಕೇಳತಾನ ನೋಡ! ನಿನ್ನಿ ನೀ ಏನ್ ನೋಡಿದಿ? ಭೂಮದಾಗ ಆ ಹುಡುಗ ಹೆಂಡ್ತಿ ಬಾಯಾಗ ಎಡಗೈಲೆ ತುತ್ತು ಇಟ್ಟ. ತೊಳಕೊಳ್ಳೋ ಕೈಲೆ! ಆ ಹುಡುಗಿ ಎಡಗಾಲಿಲೆ ಸೇರು ಒದ್ದು ಮನಿ ಹೊಕ್ಕಳು. ಅತ್ತಳೋ ಇಲ್ಲೋ ಮುಂದ? ಮಗ್ಗಲ ಕುಂತಾಕಿ ಆಗಿಂದಾಗಲೇ ಅಂದ್ಳು, ಎಡಗೈ ತುತ್ತು ಉಂಡಾಕಿ ಸುಖಾ ಹೆಂಗ ಕಾಣತಾಳ ಅಂತ. ಹಂಗ ಆತು."

"ಅತ್ತೀ, ಅಂವ ತಿನ್ನಿಸಿದ್ದು ಬಲಗೈಲೆ."

"ಎಡಗೈಲೆ."

"ನಾ ಎರಡ ಸಲ ನೋಡೀನಿ. ಬಲಗೈ!"

"ನನಗ ಎಡಾ ಬಲಾ ತಿಳಿಯಂಗಿಲ್ಲೇನೋ ಮೂಳಾ? ನಿಮ್ಮವ್ವನ್ನ ಕೇಳು."

ಅವ್ವ ಬಾಗಿಲಿಗೆ ಆನಿಕೊಂಡು ನಿಂತಿದ್ದಳು. "ಎಡಗೈನೋ ತಮ್ಮಾ. ನಾನೂ ಸೆರಗಲೆ ಬಾಯಿ ಮುಚ್ಚಿಕೊಂಡೆ" ಎಂದಳು.

ಎಲ್ಲರಿಗೂ ಹುಚ್ಚು ಹಿಡಿದಿದೆ ಎನಿಸಿತು. ಸಿನಿಮಾದವರು ಸುಳ್ಳು ಅಳುತ್ತಾರೆ, ಅದನ್ನು ನೋಡಿ ಇವರು ನಿಜವಾದ ಮದುವೆ ಮುರಿಯುತ್ತಾರೆ. ಅತ್ತೆಯ ಮಾತಿನಲ್ಲಿ ಕೆಟ್ಟತನವಾದರೂ ಇದ್ದಿದ್ದರೆ ಜಗಳಾಡಬಹುದಿತ್ತು. ಅವಳು ಕಣ್ಣು ಒರೆಸಿಕೊಂಡು, "ತವರಮನಿ ಹುಡುಗಿ. ಇದನ್ನ ಒಯ್ದು ಬಾವಿಕಟ್ಟಿಗೆ ಕುಂದರಸಲೇನು? ನಾಳೆ ಮಂದಿ ಮುಂದ ಅಂವ ಎಡಗೈ ಎತ್ತಿದ್ರ?" ಎಂದಳು.

ಅಪ್ಪ ಎಲೆ ಅಡಿಕೆ ಎತ್ತಿ ಗೂಡಿನಲ್ಲಿ ಇಟ್ಟು, "ಹಂಗಾರ ಕುಷ್ಟಗಿಯವರಿಗೆ ಹೇಳಿ ಕಳಸತೀನಿ" ಎಂದ. ಇಷ್ಟು ಬೇಗ ಅವನ ಬಾಯಿಗೆ ಕುಷ್ಟಗಿ ಬಂದದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು.

ತಂಗಿ ಅಡುಗೆಮನೆಯಿಂದ ಹೊರಗೆ ಬಂದಳು. ಕೈಗೆ ಹಿಟ್ಟು ಹತ್ತಿತ್ತು.

"ಅಣ್ಣಾ, ಅದಕ ನೀರು ಯಾಕ ಹೊಡೀತಾರ?"

"ಯಾತಕ?"

"ಪರದಿಗೆ."

"ತೊಯ್ದ್ರ ಆ ಕಡೆ ಹಾಯತೈತಿ. ಇಲ್ಲಂದ್ರ ನಿಮಗ ಕಾಣಂಗಿಲ್ಲ."

ಅವಳು ಹಗ್ಗದ ಮೇಲಿದ್ದ ಅಪ್ಪನ ಮಡಿ ಧೋತರ ಎಳೆದುಕೊಂಡು ಕೊಡದ ನೀರಲ್ಲಿ ಅದ್ದಿದಳು. ಅಪ್ಪ, "ಏ, ಏ!" ಎಂದ. ಒಂದು ತುದಿ ನನ್ನ ಕೈಗೆ, ಇನ್ನೊಂದು ಅವ್ವನ ಕೈಗೆ ಕೊಟ್ಟು ಅಂಗಳದಲ್ಲಿ ಬಿಗಿಯಾಗಿ ಹಿಡಿಸಿದಳು. ಅರಿಶಿನ ಕಲಸಿಕೊಂಡು ಬಂದು ಬಲಗೈ ಅದ್ದಿ, ಪಂಜವನ್ನು ಧೋತರದ ಮೇಲೆ ಒತ್ತಿದಳು. ತೆಳ್ಳನೆಯ ಬಟ್ಟೆ, ಅರಿಶಿನ ಆಚೆ ಕಡೆಗೂ ಮೂಡಿತು.

"ಅತ್ತೀ, ಬರ್ರಿ. ನಿಮ್ಮ ಬಲಗೈ ಇದರ ಮ್ಯಾಲ ಇಡ್ರಿ."

ಅತ್ತೆ ಗೊಣಗುತ್ತ ಬಂದು ಇಟ್ಟಳು. ಬೆರಳಿಗೆ ಬೆರಳು ಕೂಡಿತು.

"ಈಗ ಹಿಂದ ಹೋಗ್ರಿ. ಅಲ್ಲಿಂದ ಬಲಗೈ ಇಡ್ರಿ."

ಹಿಂದಿನಿಂದ ಇಟ್ಟರೆ ಹೆಬ್ಬೆರಳು ಕಿರುಬೆರಳಿನ ಮೇಲೆ ಬಂತು. ಅತ್ತೆ ಕೈ ತೆಗೆದಳು, ಮತ್ತೆ ಇಟ್ಟಳು. ಆಮೇಲೆ ತಾನಾಗಿಯೇ ಎಡಗೈ ಇಟ್ಟಳು. ಅದು ಕೂಡಿತು. ಮುಂದೆ ಬಂದು ನೋಡಿದಳು, ಹಿಂದೆ ಹೋಗಿ ನೋಡಿದಳು. ಇಷ್ಟು ದಿನ ಇಷ್ಟು ಡೇರೆಗಳಲ್ಲಿ ಕೂತರೂ ಇದು ನನಗೆ ಹೊಳೆದಿರಲಿಲ್ಲ. ನಾನು ಹಿಂದೆ ಕೂತವನೇ ಅಲ್ಲ.

"ನಾ ಒತ್ತಿದ್ದು ಬಲಗೈ. ನೀವು ಕಣ್ಣಾರೆ ನೋಡೀರಿ" ಎಂದಳು ತಂಗಿ.

ನಾನು ತಿಳಿದದ್ದು, ಇಲ್ಲಿಗೆ ಮುಗಿಯಿತು ಎಂದು. ಅತ್ತೆ ಸೊಂಟದ ಮೇಲೆ ಕೈ ಇಟ್ಟು ಅಪ್ಪನ ಕಡೆ ತಿರುಗಿದಳು.

"ಹಂಗಾರ ನೀವೆಲ್ಲ ಮುಂದ ಕುಂತು ನೆಟ್ಟಗ ನೋಡಿ, ನಮಗ ಉಲ್ಟಾ ತೋರಿಸಿದ್ರಿ?"

"ಮರ್ಯಾದಿ ಯಕ್ಕಾ..."

"ಯಾವ ಮರ್ಯಾದಿ? ದೇವರ ಕೈಯೂ ಎಡಗೈ ಮಾಡಿ ತೋರಿಸೋದು ಮರ್ಯಾದಿ ಏನು? ಇವತ್ತ ಮುಂದ ಕುಂತು ನೋಡತೀನಿ. ಬಲಗೈ ಕಂಡ್ರ ಎಲಿ ಹಿಡೀತೀನಿ. ಇಲ್ಲಾಂದ್ರ ಬಂಡಿ ಹೂಡು."

"ಗಂಡಸರ ನಡುವ ಕುಂದ್ರತೀ ಏನು?"

"ಹೊಲದಾಗ ಗಂಡಸರ ಜೋಡಿ ಕಳೆ ತಗದಾಕಿ ನಾ. ಅಲ್ಲಿ ಯಾರೂ ಪರದಿ ಕಟ್ಟಿರಲಿಲ್ಲ."

ಡೇರೆ ಮರುದಿನ ಕಿತ್ತು ಬೇರೆ ಊರಿಗೆ ಹೋಗುವುದಿತ್ತು. ಆ ಸಂಜೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಪ್ಪ ತಲೆನೋವು ಎಂದು ಮನೆಯಲ್ಲೇ ಮಲಗಿದ. ಮೂವರು ಹೆಂಗಸರನ್ನು ಕರೆದುಕೊಂಡು ಅದೇ ದರಿದ್ರ ಸಿನಿಮಾಕ್ಕೆ ನಾನು ಮೂರನೆಯ ಸಲ ಹೋದೆ.

ಅತ್ತೆ ನೇರವಾಗಿ ಗಂಡಸರ ಕಡೆಗೆ ನಡೆದು ನಟ್ಟನಡುವೆ ಕೂತಳು. ಅವಳ ಬೆನ್ನಿಗೇ ಅವ್ವ, ತಂಗಿ. ಗದ್ದಲ ಎದ್ದಿತು. "ಏ ಮುದುಕಿ, ದಾರಿ ತಪ್ಪೀ ಏನು?" ಎಂದ ಒಬ್ಬ. "ನಿನ್ನಿ ತಪ್ಪಿತ್ತಪಾ. ಇವತ್ತ ಸಿಕ್ಕೈತಿ" ಎಂದಳು ಅತ್ತೆ. ಕತೆ ಹೇಳುವವನು ಕೋಲು ಊರಿಕೊಂಡು ಬಂದು, "ಅಮ್ಮಾರ, ಹಿಂದ ಹೋಗ್ರಿ" ಎಂದ. ಅತ್ತೆ ಅವನ ಕೋಲನ್ನೇ ಹಿಡಿದುಕೊಂಡು ಎಡಗೈ ಬಲಗೈ ಸಂಗತಿ ಗಟ್ಟಿಯಾಗಿ ಹೇಳಿದಳು. ಪರದೆಯ ಹಿಂದಿನ ಹೆಂಗಸರಿಗೂ ಕೇಳಿಸಿತು. ಒಬ್ಬಳು ಸೆರಗು ಎಳೆದುಕೊಂಡು ಈ ಕಡೆ ಬಂದಳು, ಅವಳ ಹಿಂದೆ ಇಬ್ಬರು, ಆಮೇಲೆ ಹಿಂಡೇ ಬಂತು. ಕೂಡಲು ಜಾಗ ಇಲ್ಲದಾಯಿತು. ಕೆಲವು ಗಂಡಸರು ಬೈಯುತ್ತ ಹಿಂದಕ್ಕೆ ಹೋದರು. ನಾನೂ ಹೋದೆ.

ಹಿಂದೆ ಕೂತವನಿಗೇ ಅದರ ಕಷ್ಟ ಗೊತ್ತು. ನೆಲವೆಲ್ಲ ನೀರು ಇಳಿದು ರಾಡಿಯಾಗಿತ್ತು. ಪೆಟ್ಟಿಗೆ ಕಿವಿಯಲ್ಲಿ ಒದರುತ್ತಿತ್ತು. ಚಿತ್ರ ಮಸುಕು. ಭೂಮದ ಊಟ ಬಂತು. ಅವನು ಎಡಗೈಯಿಂದ ಅನ್ನ ಕಲಸಿ ಅವಳ ಬಾಯಿಗೆ ಇಟ್ಟ. ಇಡೀ ಸಂಗತಿ ಗೊತ್ತಿದ್ದ ನಾನೂ ಮುಖ ತಿರುಗಿಸಿದೆ.

ಅದೇ ಗಳಿಗೆಗೆ ಪರದೆಯ ಆಚೆಯಿಂದ ಅತ್ತೆಯ ದನಿ ಬಂತು. "ಬಲಗೈ! ನೋಡಬೇ, ಬಲಗೈ!"

ಡೇರೆಯೆಲ್ಲ ನಕ್ಕಿತು. ನನಗೆ ಜೀವ ಬಂತು. ಕತೆ ಮುಂದೆ ನಡೆಯಿತು. ಪಟ್ಟಣ, ಕುಣಿಯುವವಳು, ಬಾವಿಕಟ್ಟೆ. ಹೆಂಗಸರ ಮೂಗು ಸೀಟುವ ಸಪ್ಪಳ ಈ ಸಲ ಮುಂದಿನಿಂದ ಬಂತು. ಅತ್ತೆ ಮಾತ್ರ ಅಳುತ್ತಿರಲಿಲ್ಲ. ಬಾವಿಯ ಹಾಡಿನ ನಡುವೆ ಎಲ್ಲರಿಗೂ ಕೇಳುವಂತೆ, "ಬಲಗೈಲೆ ತಿನ್ನಿಸಿಯೂ ಹಿಂಗ ಅಳಸ್ತಾನಲ್ಲ, ಹಾಟ್ಯಾ!" ಎಂದಳು. ಅವನು ಗಡ್ಡ ಬಿಟ್ಟುಕೊಂಡು ಬಂದು ಇವಳು ಕಾಲಿಗೆ ಬಿದ್ದಾಗ ಅತ್ತೆ ಎದ್ದು ನಿಂತಳು. ಅವಳ ತಲೆಯ ನೆರಳು ಪರದೆಯ ಮೇಲೆ ಬಿದ್ದು ಗಂಡಹೆಂಡಿರಿಬ್ಬರನ್ನೂ ನುಂಗಿತು.

"ಏಳ್ರಿ, ಸಾಕು. ಇವನ ಬಲಗೈಗಿಂತ ನನ್ನ ಮಗನ ಎಡಗೈ ಛಲೋ ಐತಿ."

ಮರುದಿನ ಎಲೆ ಅಡಿಕೆ ಹಿಡಿದರು. ಅಪ್ಪ ಅರಿಶಿನದ ಪಂಜ ಇದ್ದ ಧೋತರ ಉಡಲಾರದೆ ಹಳೆಯದನ್ನು ಉಟ್ಟು ಹಿರಿಯರ ಮುಂದೆ ಕೂತಿದ್ದ. ಅವ್ವ ಆ ಧೋತರವನ್ನು ಎರಡು ಸಲ ತೊಳೆದಳು. ಕಲೆ ಹೋಗಲಿಲ್ಲ.

ನನ್ನನ್ನು ಕೇಳಿದರೆ, ಆ ಸಿನಿಮಾ ಮುಂದಿನಿಂದ ನೋಡಿದರೂ ಹೊಲಸು, ಹಿಂದಿನಿಂದ ನೋಡಿದರೂ ಹೊಲಸು. ಎರಡೂ ಕಡೆ ಕೂತು ನೋಡಿದವನ ಮಾತು ಇದು.