ಭಾವನವರ ಸುಂಟರಗಾಳಿ

ಮೊನ್ನೆ ರೋಣದ ಬಸ್ ನಿಲ್ದಾಣದಲ್ಲಿ ಒಂದು ಖಾಲಿ ಚಿಪ್ಸ್ ಪೊಟ್ಟಣ ಸಶರೀರ ಸ್ವರ್ಗಾರೋಹಣಕ್ಕೆ ಹೊರಟಿತು. ಮೊಣಕಾಲೆತ್ತರದ ಸುಳಿಗಾಳಿಯೊಂದು ಅದನ್ನೂ ಹರಿದ ಟಿಕೆಟ್‌ಗಳನ್ನೂ ಸಪರಿವಾರ ಎತ್ತಿಕೊಂಡು, ನರಗುಂದದ ಬಸ್ಸಿಗೆ ಅರ್ಧ ಪ್ರದಕ್ಷಿಣೆ ಹಾಕಿ, ಶೌಚಾಲಯದ ಗೋಡೆಯ ಬಳಿ ನಿರ್ವಾಣ ಹೊಂದಿತು. ಸುಳಿಯೊಳಗೆ ದೆವ್ವವಿರುತ್ತದೆಂಬ ನಮ್ಮ ಸೀಮೆಯ ನಂಬಿಕೆಯಂತೆ ಒಬ್ಬ ಅಜ್ಜಿ ಕಾಲಿನ ಚಪ್ಪಲಿ ತೆಗೆದು ಅದಕ್ಕೆ ತೋರಿಸಿದ್ದಳು. ದೆವ್ವಕ್ಕೆ ಮಾನವಿತ್ತು; ಹೋಯಿತು.

ಜೀವಮಾನವಿಡೀ ವಿಜ್ಞಾನ ಕಲಿಸಿದವನು ಇಂಥಲ್ಲಿ ಸುಮ್ಮನಿರಲಾರ, ಸಹಿಸಿಕೊಳ್ಳಿ. ಕಾದ ನೆಲದಿಂದ ಮೇಲೇಳುವುದು ಈ ಬಡಪಾಯಿ ಸುಳಿ. ಗುಡುಗುಮೋಡದ ಹೊಟ್ಟೆಯಿಂದ ಕೆಳಗಿಳಿಯುವುದು ಸುಂಟರಗಾಳಿಯೆಂಬ ಚಕ್ರವರ್ತಿ. ಸಿನಿಮಾದ ಸುಂಟರಗಾಳಿಯದು ಮೂರನೆಯ ಜಾತಿ. ಅದಕ್ಕೆ ನಾಯಕನ ಮೇಲೆ ಹಳೆಯ ಹಗೆ. ಗರ್ಜಿಸುತ್ತ ಅವನ ಕಾರನ್ನೇ ಹುಡುಕಿಕೊಂಡು ಬರುತ್ತದೆ, ಅವನೋ ಒಂದು ಪೈಪು ತಬ್ಬಿಕೊಂಡು ಬದುಕುತ್ತಾನೆ. ನಿಜವಾದ ಗಾಳಿಗೆ ಯಾರ ಗುರುತೂ ಇಲ್ಲ. ಅದು ಎತ್ತಿ ಒಗೆಯುವ ತಗಡು, ಗಾಜು, ಕಟ್ಟಿಗೆಗಳೇ ಜೀವ ತೆಗೆಯುತ್ತವೆ, ಪೈಪು ತಬ್ಬಿದವನದೂ.

ನಾನು ಅಂದು ಹೊರಟಿದ್ದು ಅಸೂಟಿಯ ಅಕ್ಕನ ಮನೆಗೆ. ಅಲ್ಲಿಯ ಭಾವ ವಿರೂಪಾಕ್ಷಪ್ಪನವರು ಮೂರನೆಯ ಜಾತಿಯ ಗಾಳಿಯಲ್ಲಿ ಪಾರಂಗತರು. ಮೊಬೈಲಿನಲ್ಲಿ ಇಂಥ ಸಿನಿಮಾಗಳನ್ನು ಪಾರಾಯಣ ಮಾಡಿ ಅವರು ಗಳಿಸಿದ ಜ್ಞಾನವೆಂದರೆ, ಬಿರುಗಾಳಿ ಬಂದಾಗ ಕಿಟಕಿ ಬಾಗಿಲು ತೆರೆಯಬೇಕು, ಇಲ್ಲವಾದರೆ ಮನೆ ಸಿಡಿಯುತ್ತದೆ. ಹೋದ ಬೇಸಿಗೆಯಲ್ಲಿ ಅಡ್ಡಮಳೆಯ ಮೋಡ ಕಟ್ಟಿ ಗಾಳಿ ಎದ್ದಾಗ, ತಗಡಿನ ಪತ್ರಾಸು ಹೊದಿಸಿದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ ಎದ್ದು ಬಾಗಿಲು ಹಾಕಿದಳು. ಭಾವ ಬಂದು ತೆರೆದರು.

“ಹಾಕಬ್ಯಾಡ, ಮನಿ ಒಡೀತದ!”

“ತೆಗದ್ರ ಮನೀನ ಹಾರತದರಿ!”

“ನಿನಗೇನ ತಿಳೀತದ? ನೀ ರೊಟ್ಟಿ ನೋಡ್ಕೋ.”

ಒಳನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ನೂಕಿತು, ಮೇಲೆ ಹರಿಯುವ ಗಾಳಿ ಸೆಳೆದುಕೊಂಡಿತು. ಕಿತ್ತುಬಂದ ಪತ್ರಾಸಿನ ಅಂಚು ಅಕ್ಕನ ಬಲಗೈಯ ನರಗಳನ್ನು ಕತ್ತರಿಸಿಕೊಂಡು ಹೋಯಿತು. ಗಜೇಂದ್ರಗಡದ ದವಾಖಾನೆಯಲ್ಲಿ ಹೊಲಿದರು. ಬೆರಳುಗಳು ಮತ್ತೆ ಬಗ್ಗಲಿಲ್ಲ. ಹಪ್ಪಳದಂಥ ರೊಟ್ಟಿ ಬಡಿಯುತ್ತಿದ್ದ ಕೈ ಅದು. ಬೀಗರು ಬಿಜ್ಜರೆಲ್ಲ ಅಕ್ಕನ ಹೆಸರೆತ್ತುತ್ತಿದ್ದುದೇ ಆ ರೊಟ್ಟಿಯಿಂದ.

ಬಂದದ್ದು ಸುಂಟರಗಾಳಿಯೂ ಅಲ್ಲ. ಮೋಡದಿಂದ ಕುಸಿದು ಹರಡಿದ ನೇರ ಗಾಳಿ. ಹಿತ್ತಲಿನ ಬೇವಿನ ಟೊಂಗೆಗಳೆಲ್ಲ ಒಂದೇ ದಿಕ್ಕಿಗೆ ಬಿದ್ದಿದ್ದವು. ನಾನು ಹಾಗೆಂದದ್ದಕ್ಕೆ ಭಾವನವರಿಗೆ ಮನೆತನದ ಮರ್ಯಾದೆ ತೆಗೆದಷ್ಟು ಸಿಟ್ಟು ಬಂದಿತ್ತು. ಅಂದಿನಿಂದ ಅವರ ಗಾಳಿ ಕೇಳುಗರಿಗೆ ತಕ್ಕಂತೆ ದಪ್ಪವಾಗುತ್ತಿದೆ. ಮೊನ್ನೆ ಶಿರೋಳದ ಬೀಗರು ಕಟ್ಟೆಯ ಮೇಲೆ ಕೂತಿದ್ದರಿಂದ ಅದಕ್ಕೊಂದು ಎಮ್ಮೆಯೂ ಸೇರಿತು.

“ಎಮ್ಮಿ ಗಿರಗಿರ ತಿರಿಗಿ ಮ್ಯಾಲ ಹೋತ್ರಿ! ನಾ ಕಂಬಾ ಹಿಡಕೊಂಡು ಉಳದೆ.”

ಎಡಗೈಯಲ್ಲಿ ಚಹಾ ತಂದಿಟ್ಟ ಅಕ್ಕ ಅಂದಳು, “ನಮ್ಮನ್ಯಾಗ ಎಮ್ಮೀನ ಇಲ್ಲಲ್ರಿ.”

ಬೀಗರು ನಕ್ಕರು, ಭಾವನೂ ನಕ್ಕರು. ಎಮ್ಮೆ ಎಲ್ಲಿ ಇಳಿಯಿತೆಂದು ಕೇಳಿದವರು ಅಕ್ಕನ ಕೈಯ ಸುದ್ದಿ ಕೇಳಲಿಲ್ಲ. ಸಿನಿಮಾದಲ್ಲಿಯೂ ಹಾಗೆಯೇ ತಾನೆ? ಗಾಳಿ ನಿಂತ ಮೇಲೆ ನಾಯಕ ಸೂರ್ಯೋದಯ ನೋಡುತ್ತಾನೆ. ಚಾವಣಿ ಹಾರಿದ ಮನೆಯಾಕೆ ಮರುದಿನ ಹೇಗೆ ಒಲೆ ಹೊತ್ತಿಸಿದಳೆಂಬುದನ್ನು ಯಾರೂ ತೋರಿಸುವುದಿಲ್ಲ.

ಅಷ್ಟರಲ್ಲಿ ಅಂಗಳದಲ್ಲೊಂದು ಸಣ್ಣ ಸುಳಿ ಎದ್ದಿತು. ಕೆಳಗಿಳಿದ ಅಕ್ಕ ಚಪ್ಪಲಿಯನ್ನು ಎಡಗೈಗೆ ತೆಗೆದುಕೊಂಡಳು. ತೋರಿಸಲಿಲ್ಲ, ಬೀಸಿ ಒಗೆದಳು. ಅದು ಸುಳಿಯನ್ನು ಬಿಟ್ಟು, ಕಟ್ಟೆಯ ಮೇಲೆ ಭಾವನವರ ಮೊಣಕಾಲಿಗೆ ಬಡಿಯಿತು.

“ಎಡಗೈ ನೋಡ್ರಿ,” ಅಂದಳು, “ಗುರಿ ಹತ್ತೂದಿಲ್ಲ.”

ಟೊಂಗೆ ನೋಡಿ ಗಾಳಿಯ ದಿಕ್ಕು ಹೇಳಬಲ್ಲ ನಾನು, ಆ ಚಪ್ಪಲಿಯ ದಿಕ್ಕಿನ ಬಗ್ಗೆ ಏನೂ ಹೇಳದೆ ಚಹಾ ಕುಡಿದೆ.